‘ಪಾಳಿ’ಯ ಕೊನೆಯ ಹಾಡು

“ಸಿನಿಮಾ ಉದ್ದ ಆಗಿದೆ, ಹಾಡು ಗಿಡ್ಡ ಆಗಿದಾವೆ. ಇಷ್ಟೇ ನೋಡಿ ಪ್ರಾಬ್ಲಂ,” ಎಂದ ಪ್ರಣವ.

ಇಷ್ಟೇ ಎಂದು ಅವನು ಹೇಳಿದನಾದರೂ, ಆ ಇಷ್ಟಕ್ಕೇ ಬೆಳಗಿನಿಂದ ಮೂವರೂ ತಲೆ ಕೆಡಿಸಿಕೊಂಡು ಕುಳಿತಿದ್ದರು. ಮೂವರೂ ಎನ್ನುವುದು ಪೂರ್ತಿ ಸರಿಯಲ್ಲ. ಪ್ರಣವ ಮತ್ತು ಸಂಘಮಿತ್ರಾ ತಲೆ ಕೆಡಿಸಿಕೊಂಡಿದ್ದರು. ಕವನ ಸುಮ್ಮನೆ ಕುಳಿತಿದ್ದಳು. ಹಾಡುಗಳು ಅವಳವು. ಮಾತು ಅವಳದು, ರಾಗ ಅವಳದು, ಗಿಟಾರು ಅವಳದು, ದನಿಯೂ ಅವಳದೇ. ಆದರೆ ಆ ಕೋಣೆಯಲ್ಲಿ ಯಾರಾದರೂ ಹೊಸಬರು ಬಂದು ನೋಡಿದ್ದರೆ, ಈ ಹುಡುಗಿ ಯಾರಿಗೋ ಜೊತೆಯಾಗಿ ಬಂದು ಬೇಜಾರಾಗಿ ಕೂತಿದ್ದಾಳೆ ಎಂದುಕೊಳ್ಳುತ್ತಿದ್ದರು.

ಶಿವಮೊಗ್ಗದ ವಿನೋಬನಗರದಲ್ಲಿ ಪ್ರಣವನ ಮನೆ. ಅವನ ತಂದೆ ಯಜ್ಞನಾರಾಯಣ ಭಟ್ಟರು ಕೆಳಗಿನ ಹಜಾರದಲ್ಲಿ ಮಕ್ಕಳಿಗೆ ಮಂತ್ರಪಾಠ ಹೇಳಿಕೊಡುತ್ತಾರೆ. ಮೇಲಿನ ಕೋಣೆಯ ಗೋಡೆಗೆಲ್ಲ ಸ್ಪಂಜು ಹೊಡೆಸಿ ಮಗ ಸ್ಟುಡಿಯೋ ಮಾಡಿಕೊಂಡಿದ್ದಾನೆ. ಎಷ್ಟು ಸ್ಪಂಜು ಹೊಡೆಸಿದರೂ ಬೆಳಗಿನ ಹೊತ್ತು ಕೆಳಗಿನ ಸ್ವರ ಮೇಲೆ ಬಂದೇ ಬರುತ್ತದೆ. ಅದಕ್ಕೇ ಅಲ್ಲಿ ಹಾಡುವ ಕೆಲಸವೆಲ್ಲ ಪಾಠ ಮುಗಿದ ಮೇಲೆ.

ಎಂಟು ಹಾಡುಗಳ ಆಲ್ಬಂ ಅದು. ಹೆಸರು ‘ಪಾಳಿ’. ಕಾರ್ಖಾನೆಯ ಪಾಳಿ. ಹಾಡಿನ ಜೊತೆಜೊತೆಗೇ ಅದೇ ಹೆಸರಿನ ಒಂದು ಸಿನಿಮಾವನ್ನು ಸಂಘಮಿತ್ರಾ ಮಾಡುತ್ತಿದ್ದಳು. ಅದರಲ್ಲಿ ಕಥೆಯಿಲ್ಲ. ಒಂದೊಂದು ಹಾಡಿಗೆ ಒಂದೊಂದು ಜಾಗ. ಭದ್ರಾವತಿಯ ಹಳೇ ಸೇತುವೆ, ಮುಚ್ಚಿದ ಕಾಗದದ ಕಾರ್ಖಾನೆಯ ಗೇಟು, ಶಿವಮೊಗ್ಗದ ಬಸ್‌ಸ್ಟ್ಯಾಂಡು, ಸೋಗಾನೆಯ ವಿಮಾನ ನಿಲ್ದಾಣದ ಖಾಲಿ ಕುರ್ಚಿಗಳು. ಕವನ ಆಯಾ ಜಾಗದಲ್ಲೇ ಕುಳಿತು ಗಿಟಾರು ಹಿಡಿದು ಹಾಡಿದಳು, ಸಂಘಮಿತ್ರಾ ತೆಗೆದಳು. ಆಮೇಲೆ ಅವೇ ಹಾಡುಗಳನ್ನು ಸ್ಟುಡಿಯೋದಲ್ಲಿ ಚೊಕ್ಕವಾಗಿ ಮತ್ತೆ ಹಾಡಿಸಿ, ಬೇರೆ ವಾದ್ಯಗಳನ್ನು ಸೇರಿಸಿ, ಚಿತ್ರದ ಮೇಲೆ ಕೂರಿಸುವುದು ಎಂದು ಮಾತಾಗಿತ್ತು. ಈಗ ಕೂರಿಸಲು ಹೋದರೆ ಕೂರುತ್ತಿಲ್ಲ. ತೆರೆಯ ಮೇಲಿನ ಕವನ ಬಾಯಿ ತೆರೆಯುವ ಮೊದಲೇ ಹಾಡು ಮುಂದಕ್ಕೆ ಹೋಗಿಬಿಡುತ್ತದೆ.

“ಯಾಕಂತ ನಾನ್ ಹೇಳ್ತೀನಿ ಕೇಳು,” ಎಂದು ಪ್ರಣವ ಕುರ್ಚಿ ತಿರುಗಿಸಿದ. “ನಿನ್ ಹಾಡಲ್ಲಿ ಎರಡನೇ ನುಡಿ ಮಧ್ಯ ಒಂದು ಹೊಂಡ ಇರುತ್ತೆ ಮಾರಾಯ್ತಿ. ಎಲ್ಲಾ ಹಾಡಲ್ಲೂ. ಸುಮ್ನೆ ನಿಂತುಬಿಡ್ತೀಯ. ತಾಳಕ್ಕೂ ಸಿಗಲ್ಲ, ಲೆಕ್ಕಕ್ಕೂ ಸಿಗಲ್ಲ. ಆಮೇಲೆ ಏನೂ ಆಗಿಲ್ಲ ಅನ್ನೋ ಹಂಗೆ ಅಲ್ಲಿಂದ್ಲೇ ಎತ್ಕೋತೀಯ. ನಾನು ಅವನ್ನೆಲ್ಲಾ ಮುಚ್ಚಿದೀನಿ.”

“ನಮ್ ಭದ್ರಾವತಿ ರೋಡಿನ ಹೊಂಡಾನೂ ಹಂಗೇ ಒಂದ್ಸಲ ಮುಚ್ಕೊಡೋ,” ಎಂದಳು ಸಂಘಮಿತ್ರಾ.

“ತಮಾಷೆ ಅಲ್ಲ ಕಣೆ. ತಬಲಾದವರು ಎಲ್ಲಿ ಕೈ ಇಡಬೇಕು ಹೇಳು? ಕೇಳೋರು ನೆಟ್ ಹೋಯ್ತು ಅಂದ್ಕೊಂಡು ಮುಂದಿನ ಹಾಡಿಗೆ ಹೋಗ್ತಾರೆ. ಶುಕ್ರವಾರ ನೆಟ್ಟಿಗೆ ಏರಿಸ್ಬೇಕು. ಈಗ ನೀನೂ ಸಿನಿಮಾದಲ್ಲಿ ಆ ಜಾಗ ಎಲ್ಲಾ ಕತ್ತರಿಸಿದ್ರೆ ಸರಿಹೋಯ್ತು. ಏನ್ ಕವನ?”

“ನಿಂಗೆ ಸರಿ ಕಂಡ ಹಾಗೆ ಮಾಡು,” ಎಂದಳು ಕವನ.

ಇತ್ತೀಚೆಗೆ ಅವಳು ಎಲ್ಲದಕ್ಕೂ ಕೊಡುತ್ತಿದ್ದ ಉತ್ತರ ಇದು. ಮುಖಪುಟಕ್ಕೆ ಯಾವ ಬಣ್ಣ ಎಂದರೆ ಇದೇ ಉತ್ತರ. ಕೊಳಲು ಇರಲೋ ಬೇಡವೋ ಎಂದರೂ ಇದೇ. ಮೊದಲು ಹೀಗಿರಲಿಲ್ಲ. ಒಂದು ಪದಕ್ಕಾಗಿ ಪ್ರಣವನ ಜೊತೆ ಅರ್ಧ ದಿನ ಜಗಳವಾಡಿ, ಕೆಳಗಿನಿಂದ ಭಟ್ಟರು “ಅಲ್ಲಿ ಏನು ಯುದ್ಧವೋ?” ಎಂದು ಕೂಗುವಂತೆ ಮಾಡಿದ್ದವಳು. ಆಗ ಎದೆಯ ಕೆಳಗೆ ಎಲ್ಲೋ ಒಂದು ಜಾಗ ಅವಳಿಗೆ ಹೌದು, ಅಲ್ಲ ಎಂದು ಹೇಳುತ್ತಿತ್ತು. ಯುಗಾದಿ ಮುಗಿದ ಮರುವಾರ ಅಪ್ಪ ಓಬಯ್ಯ ತೀರಿಕೊಂಡ. ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವನು ಶಿವಮೊಗ್ಗದ ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿದ್ದ. ಅಂದಿನಿಂದ ಆ ಜಾಗ ಏನೂ ಹೇಳುತ್ತಿಲ್ಲ.

ಅವಳು ಅಳಲಿಲ್ಲ. ಅಳುತ್ತಾಳೆ ಎಂದು ಎಲ್ಲರೂ ಕಾದರು. ಕಾದು ಕಾದು, “ಗಟ್ಟಿಗಿತ್ತಿ” ಎಂದು ಹೇಳಿಕೊಂಡು ಎದ್ದುಹೋದರು. ಕಾರ್ಯ ಮುಗಿಸಿ ಸೋಗಾನೆಯ ಕೆಲಸಕ್ಕೆ ವಾಪಸಾದಳು. ವಿಮಾನ ನಿಲ್ದಾಣದಲ್ಲಿ ಪ್ರಕಟಣೆ ಹೇಳುವುದು ಅವಳ ಕೆಲಸ. ವಿಮಾನ ರದ್ದಾದ ದಿನ ಒಬ್ಬ ಪ್ರಯಾಣಿಕ ಮೇಜು ಗುದ್ದಿ ಬೈದ. ಅವನ ಬಾಯಿ ಅಲುಗಾಡುವುದನ್ನು ನೋಡುತ್ತಾ ಅದೇ ಪ್ರಕಟಣೆಯನ್ನು ಅದೇ ಮೆಲುದನಿಯಲ್ಲಿ ಇನ್ನೊಮ್ಮೆ ಹೇಳಿದಳು. ಒಂದು ದಿನ ಬಿಸಿ ಚಹಾ ಕುಡಿದು ನಾಲಿಗೆ ಸುಟ್ಟಿತು. ಸುಟ್ಟದ್ದು ಗೊತ್ತಾಗಿದ್ದು ಮರುದಿನ ಸಾರಿನ ಖಾರ ತಾಗಿದಾಗ.

ಅಪ್ಪ ಸತ್ತ ಮೇಲೆ ಸ್ಟುಡಿಯೋದಲ್ಲಿ ಹಾಡಲು ಉಳಿದಿದ್ದದ್ದು ಒಂದೇ ಹಾಡು, ಕೊನೆಯದು. ಪಾಳಿ ಮುಗಿಸಿ ಬರುವವರಿಗೆ ನೀರು ಕಾಯಿಸಿಟ್ಟು ಕಾಯುವ ಹಾಡು. ಬರೆದದ್ದೂ, ಮನೆಯ ಮೆಟ್ಟಿಲ ಮೇಲೆ ಕೂತು ಸಿನಿಮಾಕ್ಕೆ ಹಾಡಿದ್ದೂ ಅಪ್ಪ ಗಟ್ಟಿಮುಟ್ಟಾಗಿದ್ದಾಗಲೇ. ಸ್ಟುಡಿಯೋಕ್ಕೆ ಬಂದು ಒಂದೇ ಸಲಕ್ಕೆ ಹಾಡಿ ಮುಗಿಸಿದಳು. ಎಲ್ಲೂ ನಿಲ್ಲಲಿಲ್ಲ. “ಎಷ್ಟು ಕಂಟ್ರೋಲ್ ಇಟ್ಕೊಂಡು ಹಾಡಿದ್ಯೇ,” ಎಂದು ಪ್ರಣವ ಕಣ್ಣೊರೆಸಿಕೊಂಡ. ಅವಳು ಏನನ್ನೂ ಹಿಡಿದಿಟ್ಟುಕೊಂಡಿರಲಿಲ್ಲ. ಹಿಡಿದಿಡಲು ಏನೂ ಇರಲಿಲ್ಲ. ಅದನ್ನು ಹೇಗೆ ಹೇಳುವುದು?

ಒಂದೇ ಒಂದು ಸಂಗತಿ ಅವಳಿಗೆ ಮಂಕಾಗಿ ತಿಳಿಯುತ್ತಿತ್ತು. ಶುಕ್ರವಾರ ಅವಳ ‘ಹೂಂ’ ಬಿದ್ದರೆ ಹಾಡುಗಳು ಹೊರಗೆ ಹೋಗುತ್ತವೆ. ಹೋದ ಮೇಲೆ ಅವು ಹಾಗೆಯೇ. ಮುಂದೆಂದಾದರೂ ಆ ಜಾಗಕ್ಕೆ ಮತ್ತೆ ಮಾತು ಬಂದು, ಇದು ನಿನ್ನ ಹಾಡಲ್ಲ ಎಂದರೆ? ಆ ಯೋಚನೆಯೂ ಪಕ್ಕದ ಮನೆಯವರ ಕಷ್ಟದಂತೆ ದೂರದಲ್ಲಿ ನಿಂತಿತ್ತು.

“ಒಂದು ವಿಷ್ಯ ಇದೆ,” ಎಂದಳು ಸಂಘಮಿತ್ರಾ. ಈಗ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. “ಕೊನೇ ಹಾಡಲ್ಲಿ ನಿಮ್ಮಪ್ಪ ಇದಾರೆ. ನಿಮ್ಮಮ್ಮಂಗೆ ತೋರಿಸ್ದೆ ನಾನು ಹೊರಗೆ ಬಿಡಲ್ಲ. ಅವರು ಬೇಡ ಅಂದ್ರೆ ತೆಗೀತೀನಿ.”

“ನಿಂಗೆ ಸರಿ ಕಂಡ ಹಾಗೆ…”

“ನಂಗಲ್ಲ, ಅವರಿಗೆ. ನಾಳೆ ನಿಂಗೆ ರಜಾ ಅಲ್ವಾ? ಹೋಗೋಣ ನಡಿ.”

*

ಬಸ್ಸಿನಲ್ಲಿ ಸಂಘಮಿತ್ರಾ ಲ್ಯಾಪ್‌ಟಾಪಿನ ಚೀಲವನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದಳು. ಅರ್ಧ ದಾರಿಯಲ್ಲಿ ಕಿಟಕಿಯ ಕಡೆ ನೋಡುತ್ತಾ, “ನಿಮ್ಮಪ್ಪಂಗೆ ಸ್ವಲ್ಪ ಮರೆವು ಶುರುವಾಗಿತ್ತಾ?” ಎಂದಳು.

“ಇಲ್ವಲ್ಲ. ಯಾಕೆ?”

“ಅವತ್ತು ಶೂಟಿಂಗಲ್ಲಿ ಮಾತಾಡ್ತಾ ಮಾತಾಡ್ತಾ ಪೂರಾ ಬ್ಲ್ಯಾಂಕ್ ಆಗ್ಬಿಟ್ರು. ನಿಂಗೂ ಗೊತ್ತಾಯ್ತು ಅಂದ್ಕೊಂಡೆ. ನೀನೂ ಹಾಡೋದು ನಿಲ್ಲಿಸ್ಬಿಟ್ಟೆ, ಗಾಬರಿಯಾಗಿ. ನೋಡೋರಿಗೆ ಅವರು ಕಾಯಿಲೆಯವರ ಥರ ಕಾಣ್ಬಾರ್ದು ಅಂತ, ಪ್ರಣವ ಹೇಳೋಕೆ ಮುಂಚೇನೇ ಅದೊಂದನ್ನ ನಾನು ಕತ್ತರಿಸಿಟ್ಟಿದೀನಿ.”

ಕವನ ನೆನಪು ಮಾಡಿಕೊಳ್ಳಲು ನೋಡಿದಳು. ಮೆಟ್ಟಿಲ ಮೇಲೆ ಕೂತದ್ದು ನೆನಪಿತ್ತು. ಅಪ್ಪ ಪಕ್ಕದಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದದ್ದು, ಅಂಗಿಗೆ ಸಿಕ್ಕಿಸಿದ ಮೈಕನ್ನು ಮುಟ್ಟಿ ಮುಟ್ಟಿ ನೋಡಿದ್ದು ನೆನಪಿತ್ತು. ಸುಮ್ಮನೆ ಕೂತಿರಿ ಎಂದರೂ ಕೇಳದೆ, ಮಗಳು ಹಾಡುತ್ತಿದ್ದಾಗಲೇ ಕ್ಯಾಮೆರಾ ಹಿಂದಿದ್ದ ಸಂಘಮಿತ್ರಾಳಿಗೆ ಏನೋ ಹೇಳಲು ಶುರುಮಾಡಿದ್ದೂ ನೆನಪಿತ್ತು. ತಾನು ಗಾಬರಿಯಾದದ್ದು ಮಾತ್ರ ನೆನಪಾಗಲಿಲ್ಲ. ನಿಲ್ಲಿಸಿದ್ದೂ ನೆನಪಿರಲಿಲ್ಲ.

ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸ್‌ಗಳಲ್ಲಿ ಈಗ ಮನೆ ಹೆಚ್ಚು, ಜನ ಕಡಿಮೆ. ಕಾರ್ಖಾನೆ ನಿಂತು ವರ್ಷಗಳಾದವು. ಕಿಟಕಿ ಕಿತ್ತುಕೊಂಡು ಹೋದ ಮನೆಗಳ ನಡುವೆ, ರಂಗೋಲಿಯಿದ್ದ ಬಾಗಿಲು ಕಂಡರೆ ಅಲ್ಲಿ ಯಾರೋ ಉಳಿದಿದ್ದಾರೆ ಎಂದು ಅರ್ಥ. ಕವನಳ ಅಮ್ಮ ದ್ಯಾಮಮ್ಮನ ಬಾಗಿಲಿಗೆ ಈ ವರ್ಷ ರಂಗೋಲಿಯಿರಲಿಲ್ಲ, ಆದರೆ ಮೆಟ್ಟಿಲು ತೊಳೆದಿತ್ತು. ಸಿನಿಮಾ ತೋರಿಸುತ್ತಾರಂತೆ ಎಂದು ಎದುರು ಸಾಲಿನ ಉಚ್ಚಂಗಮ್ಮ ಒಂದು ಡಬ್ಬಿ ಖಾರ ಮಂಡಕ್ಕಿ ಕಲಸಿಕೊಂಡು ಬಂದಿದ್ದಳು. ಓಬಯ್ಯನ ಜೊತೆ ಒಂದೇ ಪಾಳಿಯಲ್ಲಿ ದುಡಿದ ಶಿವಕುಮಾರ್ ಕೂಡ ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಂದು ಕೂತಿದ್ದರು.

“ಟಿಕೆಟ್ ಎಷ್ಟಮ್ಮ?” ಎಂದರು ಶಿವಕುಮಾರ್.

“ನಿಮ್ಗೆ ಫ್ರೀ ಮಾವ. ಬಾಲ್ಕನಿ,” ಎಂದಳು ಸಂಘಮಿತ್ರಾ.

“ಬಾಲ್ಕನಿ ಅಂತೆ. ಮೂರು ಕಾಲಿನ ಕುರ್ಚಿ ಕೊಟ್ಟು,” ಎಂದು ಉಚ್ಚಂಗಮ್ಮ ನಕ್ಕಳು. “ಕವನಾ, ನೀನ್ಯಾಕೆ ಹಂಗೆ ಕಂಬದ ಥರ ನಿಂತಿದೀಯ? ನೆಂಟರ ಮನೆಗೆ ಬಂದಿದೀಯಾ? ಕೂತ್ಕೊ.”

“ಅವಳು ಹಂಗೇ ಈಗ,” ಎಂದಳು ದ್ಯಾಮಮ್ಮ. “ಫೋನ್ ಮಾಡಿದ್ರೂ ಏರೋಪ್ಲೇನಿನೋರ ಥರ ಮಾತಾಡ್ತಾಳೆ. ಊಟ ಆಗಿದೆ. ಧನ್ಯವಾದಗಳು.”

ಎಲ್ಲರೂ ನಕ್ಕರು. ಕವನಳೂ ತುಟಿ ಅಗಲಿಸಿದಳು.

ಸಂಘಮಿತ್ರಾ ಸ್ಟೂಲಿನ ಮೇಲೆ ಲ್ಯಾಪ್‌ಟಾಪು ಇಟ್ಟು, ಕಿಟಕಿಗೆ ಬೆಡ್‌ಶೀಟು ಕಟ್ಟಿ, ಕೊನೆಯ ಹಾಡನ್ನು ಹಾಕಿದಳು. ಕತ್ತರಿಸಿದ ಪ್ರತಿಯನ್ನು. ಸ್ಟುಡಿಯೋದ ಹಾಡು, ತಬಲಾ, ಕೊಳಲು ಎಲ್ಲ ಇತ್ತು. ತೆರೆಯ ಮೇಲೆ ಇದೇ ಮೆಟ್ಟಿಲು, ಮೆಟ್ಟಿಲ ಮೇಲೆ ಕವನ, ಅವಳ ಪಕ್ಕದಲ್ಲಿ ಓಬಯ್ಯ.

ದ್ಯಾಮಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

ಹಾಡಿನ ಅಡಿಯಲ್ಲಿ ಓಬಯ್ಯನ ದನಿ ಕೇಳಿತು. “ಮಧ್ಯಾಹ್ನ ನನ್ ಊಟದ ಡಬ್ಬಿ ತರೋಳು ಇವಳೇಯಾ. ಗೇಟಿಗೆ ಬರೋಷ್ಟೊತ್ತಿಗೆ ಡಬ್ಬೀಲಿ ಹಪ್ಪಳ ಇರ್ತಿರಲಿಲ್ಲ.”

ಹಾಡು ಮುಗಿಯಿತು. ಸಂಘಮಿತ್ರಾ ದ್ಯಾಮಮ್ಮನ ಮುಖ ನೋಡಿದಳು.

“ಚೆನ್ನಾಗಿದೆ ಕಣಮ್ಮ,” ಎಂದಳು ದ್ಯಾಮಮ್ಮ ನಿಧಾನವಾಗಿ. “ಹಾಡು ಚೆನ್ನಾಗಿದೆ. ಆದ್ರೆ ಇವರು… ಇವರು ಹಿಂಗೆ ಗಡಗಡ ಅಂತ ಮಾತಾಡೋರಲ್ಲ. ಯಾರೋ ಅಟ್ಟಿಸ್ಕೊಂಡು ಬಂದಂಗೆ ಮಾತಾಡ್ತವ್ರೆ.”

“ಅಣ್ಣನ ಮುಖ ಇಟ್ಕೊಂಡು ಬೇರೆ ಯಾರೋ ಮಾತಾಡಿದಂಗಿದೆ,” ಎಂದಳು ಉಚ್ಚಂಗಮ್ಮ.

ಸಂಘಮಿತ್ರಾ ಕೆಂಪಾದಳು. “ಇಲ್ಲಮ್ಮ, ಮಧ್ಯದಲ್ಲಿ ಸ್ವಲ್ಪ ತೆಗ್ದಿದೀನಿ ಅಷ್ಟೇ. ಅವರಿಗೆ ಮಾತು ಮರೆತುಹೋಗಿತ್ತು. ಪೂರ್ತಿದು ತೋರಿಸ್ತೀನಿ, ನಿಮಗೆ ಬೇಜಾರಾದ್ರೆ ಹೇಳಿ.”

ಈ ಸಲ ಅವಳು ಹಾಕಿದ್ದು ಅಂದು ತೆಗೆದದ್ದನ್ನು ತೆಗೆದ ಹಾಗೆಯೇ. ತಬಲಾ ಇಲ್ಲ, ಕೊಳಲು ಇಲ್ಲ. ಎಲ್ಲೋ ಕಾಗೆ ಕೂಗುತ್ತಿತ್ತು. ತೆರೆಯ ಮೇಲಿನ ಕವನ ಎರಡನೆಯ ನುಡಿಗೆ ಬಂದಳು.

*ನೀರು ಕಾದಿದೆ, ಸೋಪು ಗೂಡಲ್ಲಿದೆ…*

“…ಗೇಟಿಗೆ ಬರೋಷ್ಟೊತ್ತಿಗೆ ಡಬ್ಬೀಲಿ ಹಪ್ಪಳ…” ಎಂದ ಓಬಯ್ಯ.

ಅಲ್ಲಿಗೆ ನಿಂತಿತು. ಅವಳ ಹಾಡೂ ನಿಂತಿತು, ಅವನ ಮಾತೂ ನಿಂತಿತು. ಓಬಯ್ಯನ ಬಾಯಿ ಅರ್ಧ ತೆರೆದೇ ಇತ್ತು. ಕಣ್ಣು ಕ್ಯಾಮೆರಾದಿಂದ ಜಾರಿ ಎಡಗಡೆಗೆ ಹೋಗಿತ್ತು. ಕಾಗೆ ಕೂಗುತ್ತಲೇ ಇತ್ತು.

ಕವನ ತೆರೆಯನ್ನು ನೋಡುತ್ತಿರಲಿಲ್ಲ. ಅವಳು ಬಾಗಿಲ ಬಳಿ ನಿಂತು ಕೋಣೆಯನ್ನು ನೋಡುತ್ತಿದ್ದಳು. ಅದಕ್ಕೇ ಅವಳಿಗೆ ಕಂಡಿತು. ಉಚ್ಚಂಗಮ್ಮನ ಕೈ ಮಂಡಕ್ಕಿ ಹಿಡಿದು ಬಾಯಿಯವರೆಗೆ ಬಂದದ್ದು ಅಲ್ಲೇ ನಿಂತಿತ್ತು. ಬೆವರು ಒರೆಸುತ್ತಿದ್ದ ಶಿವಕುಮಾರರ ಟವೆಲ್ಲು ಕುತ್ತಿಗೆಯ ಮೇಲೆ ನಿಂತಿತ್ತು. ಅಮ್ಮ ಏನೋ ಹೇಳಹೊರಟವಳು ತುಟಿ ಬಿಚ್ಚಿ ಸುಮ್ಮನಿದ್ದಳು. ಮೂವರ ಮುಖವೂ ಒಂದೇ ಕಡೆಗೆ ತುಸು ತಿರುಗಿತ್ತು, ಎಡಗಡೆಗೆ, ಆ ಗೋಡೆಯ ಆಚೆ ಕಾರ್ಖಾನೆಯ ಚಿಮಣಿ ಇರುವ ಕಡೆಗೆ.

“…ಇರ್ತಿರಲಿಲ್ಲ,” ಎಂದ ಓಬಯ್ಯ.

*ಕೈಯ ಕಲೆ ತೊಳೆದುಕೊಳ್ಳಿ,* ಎಂದು ಹಾಡು ಮುಂದುವರಿಯಿತು.

ಕೋಣೆಯಲ್ಲಿ ಎಲ್ಲರೂ ಗೊಳ್ಳೆಂದು ನಕ್ಕರು. ಉಚ್ಚಂಗಮ್ಮನ ಮಂಡಕ್ಕಿ ಬಾಯಿಗೆ ಹೋಯಿತು. “ಕಳ್ಳಿ! ಹಪ್ಪಳದ ಕಳ್ಳಿ!” ಎಂದು ತುಂಬಿದ ಬಾಯಲ್ಲೇ ಕವನಳ ಕಡೆ ಕೈ ತೋರಿಸಿದಳು. ದ್ಯಾಮಮ್ಮ ನಗುತ್ತಾ ಅಳುತ್ತಿದ್ದಳು. “ಇವರೇ ನೋಡು. ಈಗ ಇವರೇ.”

ಸಂಘಮಿತ್ರಾ ಎಲ್ಲರನ್ನೂ ಪಿಳಿಪಿಳಿ ನೋಡಿದಳು. “ಈಗ ಏನಾಯ್ತು ನಿಮಗೆಲ್ಲಾ?”

“ಏನಾಯ್ತು? ಏನೂ ಆಗಿಲ್ವಲ್ಲ,” ಎಂದಳು ಉಚ್ಚಂಗಮ್ಮ.

“ನೀವೂ ನಿಂತ್ರಿ. ಮೂರೂ ಜನ.”

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶಿವಕುಮಾರರಿಗೆ ಮೊದಲು ಹೊಳೆಯಿತು. ಟವೆಲ್ಲನ್ನು ತೊಡೆಯ ಮೇಲೆ ಮಡಿಸಿಟ್ಟುಕೊಂಡು, “ಇದನ್ನ ಎಷ್ಟೊತ್ತಿಗೆ ತೆಗ್ದಿದ್ದಮ್ಮ? ಎರಡು ಗಂಟೆಗಾ?” ಎಂದು ಕೇಳಿದರು.

“ಹೌದು, ಊಟ ಆದ್ಮೇಲೆ. ಎರಡು ಗಂಟೆ ಇರ್ಬಹುದು.”

“ಅದೇ ಮತ್ತೆ. ಎರಡು ಗಂಟೆ ಸೈರನ್ನು. ಪಾಳಿ ಬದಲಾಗೋದು. ಇಲ್ಲಿಗೆ ಎಷ್ಟು ಜೋರು ಕೇಳ್ತಿತ್ತು ಗೊತ್ತಾ? ಪಾತ್ರೆ ಅದುರೋವು. ಅದು ಹೊಡೆಯುವಾಗ ಮಾತಾಡಿದ್ರೆ ಯಾರಿಗೆ ಕೇಳ್ಸುತ್ತೆ? ಅದಕ್ಕೇ ಇಲ್ಲಿ ಯಾರೂ ಮಾತಾಡ್ತಿರ್ಲಿಲ್ಲ. ಬಾಯಲ್ಲಿದ್ದ ಮಾತು ಬಾಯಲ್ಲೇ ಇಟ್ಕೊಂಡು ನಿಲ್ಲೋದು, ಮುಗಿದ ಮೇಲೆ ಮುಂದುವರಿಸೋದು. ಜಗಳಾನೂ ಅಷ್ಟೇ. ಈ ಉಚ್ಚಂಗಮ್ಮ ನಲ್ಲಿ ಹತ್ರ ನನ್ ಹೆಂಡ್ತಿಗೆ ಬೈತಾ ಬೈತಾ ನಿಲ್ಲಿಸಿ, ಸೈರನ್ ಆದ್ಮೇಲೆ ಉಳಿದರ್ಧ ಬೈದಿದ್ಲು.”

“ಅವಳೂ ಕಾದಿದ್ಲಲ್ಲ, ಬೈಸ್ಕೊಳ್ಳೋಕೆ,” ಎಂದಳು ಉಚ್ಚಂಗಮ್ಮ.

“ಆದ್ರೆ ಕಾರ್ಖಾನೆ ಮುಚ್ಚಿ…” ಎಂದು ಸಂಘಮಿತ್ರಾ ಅರ್ಧಕ್ಕೆ ನಿಲ್ಲಿಸಿದಳು.

“ಮುಚ್ತು. ನಮಗೆ ಯಾರೂ ಹೇಳ್ಲಿಲ್ವಲ್ಲ, ಇನ್ ಮೇಲೆ ನಿಲ್ಲಿಸ್ಬೇಡಿ ಅಂತ,” ಎಂದರು ಶಿವಕುಮಾರ್.

ಕವನಳಿಗೆ ಏನಾದರೂ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಅವಳು ಗೋಡೆಗೆ ಒರಗಿ ಮಾತುಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದಳು. ಕೊನೆಯ ಹಾಡನ್ನು ಎರಡು ಗಂಟೆಗೆ ಹಾಡಿದ್ದಳು, ಸರಿ. ಉಳಿದ ಹಾಡುಗಳನ್ನು ಬೆಳಿಗ್ಗೆಯೂ ಹಾಡಿದ್ದಳು, ಸಂಜೆಯೂ ಹಾಡಿದ್ದಳು. ಅವುಗಳಲ್ಲೂ ಹೊಂಡ ಇತ್ತಲ್ಲ.

“ಅಮ್ಮ, ನಾನು ಬೇರೆ ಹಾಡಲ್ಲೂ ನಿಲ್ಲಿಸ್ತೀನಂತೆ. ಎಲ್ಲಾದ್ರಲ್ಲೂ. ಎರಡನೇ ನುಡೀಲಿ,” ಎಂದಳು.

ದ್ಯಾಮಮ್ಮ ಮೂಗು ಒರೆಸಿಕೊಂಡಳು. “ಇನ್ನೇನ್ ಮಾಡ್ತೀಯ? ಸಣ್ಣೋಳಿದ್ದಾಗ ಊಟ ಆಗ್ತಿದ್ದಂಗೆ ಮೆಟ್ಲ ಮೇಲೆ ಕೂತು ಶುರು ಮಾಡ್ತಿದ್ದೆ. ಇವರು ಪಾಳಿ ಮುಗಿಸಿ ಬರೋದನ್ನ ಕಾಯ್ತಾ. ಒಂದು ನುಡಿ ಮುಗಿಸಿ ಎರಡನೇದಕ್ಕೆ ಬರೋಷ್ಟೊತ್ತಿಗೆ ಸೈರನ್ ಹೊಡೀತಿತ್ತು. ದಿನಾ. ನಿಲ್ಲಿಸಿ, ಆದ್ಮೇಲೆ ಎತ್ಕೋತಿದ್ದೆ. ಹಾಡಂದ್ರೆ ಹಂಗೇ ಇರುತ್ತೆ ಅಂದ್ಕೊಂಡಿದ್ದೆ ನೀನು. ಸ್ಕೂಲಲ್ಲಿ ನಾಡಗೀತೇಲೂ ನಿಂತುಬಿಟ್ಟೆ ಅಂತ ಮೇಷ್ಟ್ರು ಹೇಳಿ ಕಳ್ಸಿದ್ರು.”

ಉಚ್ಚಂಗಮ್ಮ ಮತ್ತೆ ನಗತೊಡಗಿದಳು. ಆಗಲೇ ಕವನಳ ಫೋನು ಬಡಿದುಕೊಂಡಿತು. ಪ್ರಣವ.

“ಎಲ್ಲಾ ರೆಡಿ ಮಾಡ್ಕೊಂಡು ಕೂತಿದೀನಿ. ಗಿಡ್ಡದೇ ತಾನೆ? ಹೂಂ ಅಂದ್ರೆ ಇವತ್ತೇ ಕಳಿಸ್ಬಿಡ್ತೀನಿ.”

ಉತ್ತರ ನಾಲಿಗೆಯ ಮೇಲೆ ಸಿದ್ಧವಾಗಿತ್ತು. ನಿನಗೆ ಸರಿ ಕಂಡ ಹಾಗೆ. ಅದನ್ನು ಹೇಳಲು ಬಾಯಿ ತೆರೆದವಳು, ತೆರೆದ ಬಾಯಲ್ಲೇ ನಿಂತಳು. ಎದೆಯ ಕೆಳಗಿನ ಜಾಗವೇನೂ ಮಾತಾಡಲಿಲ್ಲ. ಆದರೆ ಈಗ ಕಣ್ಣಾರೆ ಕಂಡದ್ದು ಇತ್ತು. ಬಾಯಿಗೆ ಬಂದ ಕೈ ನಿಂತದ್ದು, ಟವೆಲ್ಲು ನಿಂತದ್ದು. ಅದಕ್ಕೆ ಏನೂ ಅನ್ನಿಸುವ ಅಗತ್ಯವಿರಲಿಲ್ಲ.

“ಹಲೋ? ಕೇಳ್ತಿದ್ಯಾ?”

“ಬೇಡ,” ಎಂದಳು ಕವನ.

“ಏನ್ ಬೇಡ?”

“ಮುಚ್ಚಿದ್ದೆಲ್ಲಾ ಬಿಚ್ಚು. ತೆಗ್ದಿದ್ದು ಇಟ್ಟಿದ್ಯಾ, ಬಿಸಾಕಿದ್ಯಾ?”

“ನಾನು ಏನೂ ಬಿಸಾಕಲ್ಲ ಮಾರಾಯ್ತಿ, ಹಳೇ ಪಂಚಾಂಗಾನೂ ಬಿಸಾಕದ ನಮ್ಮಪ್ಪನ ಮಗ ನಾನು. ಆದ್ರೆ ಜನ ನೆಟ್ ಹೋಯ್ತು ಅಂದ್ಕೋತಾರೆ.”

“ಅಂದ್ಕೊಳ್ಳಲಿ.”

“ಕವನ, ನೀನು ಬೇಡ ಅಂದು ಎಷ್ಟು ದಿನ ಆಗಿತ್ತೆ,” ಎಂದ ಪ್ರಣವ. ಆಮೇಲೆ ಕೆಲಸದ ದನಿಗೆ ಬಂದು, “ಏಳು ಹಾಡು ಬಿಚ್ಚಬಹುದು. ಕೊನೇದ್ರಲ್ಲಿ ಬಿಚ್ಚೋಕೆ ಏನೂ ಇಲ್ಲ. ಅದ್ರಲ್ಲಿ ನೀನು ನಿಂತೇ ಇಲ್ಲ,” ಎಂದ.

“ಗೊತ್ತು. ನಾಳೆ ಬಂದು ಹಾಡ್ತೀನಿ.”

*

ಮರುದಿನ ಕೆಳಗೆ ಪಾಠ ಮುಗಿದು ಮಕ್ಕಳು ಚಪ್ಪಲಿ ಹುಡುಕುವ ಗಲಾಟೆ ಅಡಗಿದ ಮೇಲೆ ಕವನ ಮೈಕಿನ ಮುಂದೆ ನಿಂತಳು. ಮಧ್ಯಾಹ್ನದ ಮೇಲೆ ಸೋಗಾನೆಯಲ್ಲಿ ಡ್ಯೂಟಿ ಇತ್ತು, ಸಮವಸ್ತ್ರದಲ್ಲೇ ಬಂದಿದ್ದಳು. ತಬಲಾ, ಕೊಳಲು ಬೇಡವೆಂದಳು. ಗಿಟಾರು ಸಾಕು.

ಮೊದಲ ನುಡಿ ಎಂದಿನಂತೆ ಹೋಯಿತು. ಎಂದಿನಂತೆ ಎಂದರೆ ಪ್ರಕಟಣೆ ಹೇಳಿದಂತೆ, ತಪ್ಪಿಲ್ಲದೆ. ಎರಡನೆಯ ನುಡಿ ಬಂತು.

*ನೀರು ಕಾದಿದೆ, ಸೋಪು ಗೂಡಲ್ಲಿದೆ…*

ನಿಂತಳು.

ಹಿಂದೆಲ್ಲ ಗೊತ್ತಿಲ್ಲದೆ ನಿಲ್ಲುತ್ತಿದ್ದವಳು ಈ ಸಲ ಗೊತ್ತಿದ್ದು ನಿಂತಳು. ಅದೇ ತೊಂದರೆಯಾಯಿತು. ಎಷ್ಟು ಹೊತ್ತು ನಿಲ್ಲಬೇಕು? ಆಗ ಸೈರನ್ನು ಮುಗಿಯುತ್ತಿತ್ತು, ಶುರುಮಾಡುತ್ತಿದ್ದಳು. ಈಗ ಮುಗಿಯಿತು ಎಂದು ಹೇಳುವವರಿಲ್ಲ. ಕಿವಿಯ ಮೇಲಿನ ಹೆಡ್‌ಫೋನಿನಲ್ಲಿ ಅವಳದೇ ಉಸಿರು ಕೇಳುತ್ತಿತ್ತು. ಗಾಜಿನ ಆಚೆ ಪ್ರಣವ ಎರಡೂ ಕೈಗಳನ್ನು ಮೇಜಿನಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಸಂಘಮಿತ್ರಾ ಕದಲಲಿಲ್ಲ. ಅಳು ಬರಬಹುದು ಎಂದು ಕವನ ಒಂದು ಕ್ಷಣ ಕಾದಳು. ಬರಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು ಹಪ್ಪಳ ಮುರಿಯುವಾಗ ಸದ್ದಾಗಬಾರದು ಎಂದು ಅದನ್ನು ನಾಲಿಗೆಯ ಮೇಲೆ ಇಟ್ಟು ಮೆತ್ತಗಾಗುವವರೆಗೆ ಕಾಯುತ್ತಿದ್ದದ್ದು ಮಾತ್ರ ನೆನಪಾಯಿತು. ಉಪ್ಪು, ಇಂಗು. ಅದು ಪೂರ್ತಿ ಮೆತ್ತಗಾಗುವಷ್ಟು ಹೊತ್ತು ನಿಂತಳು.

*ಕೈಯ ಕಲೆ ತೊಳೆದುಕೊಳ್ಳಿ.*

ಹಾಡು ಮುಗಿದ ಮೇಲೆ ಪ್ರಣವ ಈ ಸಲ ಕಣ್ಣೊರೆಸಿಕೊಳ್ಳಲಿಲ್ಲ. ಸಂಘಮಿತ್ರಾ ಅದನ್ನು ಅಲ್ಲಿಯೇ ಚಿತ್ರದ ಕೆಳಗೆ ಇಟ್ಟು ಓಡಿಸಿದಳು. ಮೆಟ್ಟಿಲು, ಮಗಳು, ತಂದೆ, ಕಾಗೆ. ಎಲ್ಲ ಸರಿಯಾಗಿ ಕೂತಿತು. ಆದರೆ ಕವನ ಈ ಸಲ ಅಂದಿಗಿಂತ ಹೆಚ್ಚು ಹೊತ್ತು ನಿಂತಿದ್ದಳು. ತೆರೆಯ ಮೇಲೆ “ಇರ್ತಿರಲಿಲ್ಲ” ಎಂದು ಓಬಯ್ಯ ಮಾತು ಮುಗಿಸಿ, ಬಾಯಿ ಮುಚ್ಚಿಕೊಂಡು, ಮಗಳ ಕಡೆ ತಿರುಗಿ ನೋಡಿದರೂ ಹಾಡು ಇನ್ನೂ ಬಂದಿರಲಿಲ್ಲ.

“ನಿಮ್ಮಪ್ಪ ಮುಂಚೆನೇ ಶುರು ಮಾಡ್ತಾರೆ, ನೀನು ಹಿಂದೆ ಬೀಳ್ತೀಯ,” ಎಂದಳು ಸಂಘಮಿತ್ರಾ. “ನಿನ್ನ ತುಟಿ ಆಗ್ಲೇ ಅಲ್ಲಾಡ್ತಿರುತ್ತೆ, ದನಿ ಇರಲ್ಲ. ನಿನ್ನ ಮುಖ ತೆಗ್ದು ತೆರೆ ಮೇಲೆ ಅವರ ಮುಖಾನೇ ಇಟ್ಬಿಡ್ಲಾ, ಹಾಡು ಬರೋವರೆಗೂ? ಇಲ್ಲಾ ಪ್ರಣವ ಹಾಡನ್ನ ಸ್ವಲ್ಪ ಹತ್ರಕ್ಕೆ ಎಳೀಲಾ?”

ಕವನ ಕೈಗಡಿಯಾರ ನೋಡಿಕೊಂಡು ಗಿಟಾರನ್ನು ಚೀಲಕ್ಕೆ ಹಾಕಿದಳು. ಸೋಗಾನೆಯ ಬಸ್ಸಿಗೆ ಹೊತ್ತಾಗಿತ್ತು.

“ಎಳೀಬೇಡಿ,” ಎಂದಳು. “ಅಪ್ಪನ ಮುಖಾನೇ ಇಡು. ಅವನು ಮೊದ್ಲು ಮಾತಾಡ್ಲಿ.”